ಒಂದು ರಾತ್ರಿಯ ಉಳಿತಾಯ

‘ದೇಶ ಸುತ್ತು, ಕೋಶ ಓದು’ ಎಂದು ಉಪದೇಶಿಸದ ಕನ್ನಡ ಅಧ್ಯಾಪಕನಿಲ್ಲ. ಕೋಶವನ್ನೇನೋ ಗ್ರಂಥಭಂಡಾರದಿಂದ ಎರವಲು ತಂದು ಓದಬಹುದು. ದೇಶವನ್ನು ಸುತ್ತಬೇಕಾದರೆ ಹಣ ಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಬಹುಮಂದಿ ರೈತರ, ಕೂಲಿಕಾರರ, ಸಣ್ಣ ಅಂಗಡಿಯವರ ಮಕ್ಕಳು. ಐಹೊಳೆಯ ಮೇಗುಟಿಯಲ್ಲಿರುವ, ಕ್ರಿ.ಶ. ೬೩೪ರ ರವಿಕೀರ್ತಿಯ ಶಾಸನವನ್ನು ತರಗತಿಯಲ್ಲಿ ವರ್ಣಿಸುವಾಗ ಅವರ ಕಣ್ಣುಗಳು ಅರಳುತ್ತವೆ. ಪ್ರವಾಸದ ವಂತಿಗೆಯ ಮಾತು ಬಂದೊಡನೆ ಅವೇ ಕಣ್ಣುಗಳು ನೆಲ ನೋಡುತ್ತವೆ. ಆದಕಾರಣ ಪ್ರವಾಸದ ವೆಚ್ಚವನ್ನು ಎಲ್ಲೆಲ್ಲಿ ತಗ್ಗಿಸಬಹುದೆಂಬುದನ್ನು ನಾನು ಹಲವು ವರ್ಷಗಳಿಂದ ಲೆಕ್ಕ ಹಾಕುತ್ತ ಬಂದಿದ್ದೇನೆ. ಎಲ್ಲಿ ತಗ್ಗಿಸಬಾರದೆಂಬುದನ್ನು ಕಲಿತದ್ದು ಮಾತ್ರ ಒಂದೇ ರಾತ್ರಿಯಲ್ಲಿ.

ಅದು ಹದಿನಾಲ್ಕು ವರ್ಷಗಳ ಹಿಂದಿನ ಮಾತು. ನಲವತ್ತೆರಡು ಮಂದಿ ವಿದ್ಯಾರ್ಥಿಗಳೊಡನೆ ಬಾಡಿಗೆಯ ಬಸ್ಸೊಂದರಲ್ಲಿ ಮೈಸೂರಿನ ಕಡೆಯಿಂದ ಹೊರಟು, ಇಡೀ ರಾತ್ರಿ ಪ್ರಯಾಣ ಮಾಡಿ ಬಾದಾಮಿಯನ್ನು ಸೇರಿದೆವು. ಅಂದು ಗುಹಾಲಯಗಳನ್ನು ನೋಡಿ ಅಲ್ಲಿಯೇ ತಂಗಿದೆವು. ಮರುದಿನ ಪಟ್ಟದಕಲ್ಲು, ಐಹೊಳೆಗಳನ್ನು ಮುಗಿಸಿ, ಸಂಜೆ ವಿಜಯಪುರದ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಹುಡುಗರು ಕೂಗಿ ದಣಿದರು. ಆ ರಾತ್ರಿ ಅಲ್ಲಿಯೇ ತಂಗಬೇಕೆಂಬುದು ಮೊದಲಿನ ಏರ್ಪಾಡು. ವಸತಿಗೃಹದವರು ತಲೆಗೆ ೧೫೦ ರೂಪಾಯಿಯಂತೆ ೬೩೦೦ ರೂಪಾಯಿ ಕೇಳಿದರು. ನನಗೆ ಆಗ ಒಂದು ಬುದ್ಧಿ ಹೊಳೆಯಿತು: ರಾತ್ರಿಯೇ ಹೊರಟುಬಿಟ್ಟರೆ ಬೆಳಗಾಗುವಷ್ಟರಲ್ಲಿ ಹೊಸಪೇಟೆ, ನಿದ್ದೆಗೆ ನಿದ್ದೆ, ಉಳಿತಾಯಕ್ಕೆ ಉಳಿತಾಯ. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಚಾಲಕನ ಮುಖವನ್ನು ಯಾರೂ ನೋಡಲಿಲ್ಲ.

ಕುಷ್ಟಗಿಯನ್ನು ದಾಟಿದ ಮೇಲೆ, ಸುಮಾರು ಎರಡೂವರೆ ಗಂಟೆಯ ಹೊತ್ತಿಗೆ, ‘ಅಣ್ಣಾ!’ ಎಂಬ ಚೀತ್ಕಾರ ಕೇಳಿ ಎಚ್ಚತ್ತೆ. ಹೊಟ್ಟೆ ತೊಳಸುತ್ತಿದ್ದುದರಿಂದ ಮುಂದಿನ ಆಸನದಲ್ಲಿ ಎಚ್ಚರವಾಗಿ ಕುಳಿತಿದ್ದ ಹುಡುಗಿಯೊಬ್ಬಳು, ಚಾಲಕನ ತಲೆ ಎದೆಯ ಮೇಲೆ ಬಾಗಿದುದನ್ನು ಕಂಡು ಕೂಗಿದ್ದಳು. ಬಸ್ಸು ರಸ್ತೆಯಿಂದ ಇಳಿದು ಜೋಳದ ಹೊಲದೊಳಗೆ ಒಂದಷ್ಟು ದೂರ ನುಗ್ಗಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಮುಂದೆ ಮೂವತ್ತು ಗಜದಲ್ಲಿ ಒಂದು ಕಿರುಸೇತುವೆ ಇತ್ತು. ಬೆಳಕು ಹರಿದ ಮೇಲೆ ಅದನ್ನು ಕಂಡೆವು.

ಚಾಲಕ ಬದುವಿನ ಮೇಲೆ ತಲೆಗೆ ಕೈಹೊತ್ತು ಕುಳಿತಿದ್ದ. ‘ಸಾ, ಊರು ಬಿಟ್ಟಾಗಿನಿಂದ ನೆಟ್ಟಗೆ ಕಣ್ಣು ಮುಚ್ಚಿಲ್ಲ. ನಿನ್ನೆ ರಾತ್ರಿ ನೀವೆಲ್ಲ ರೂಮಿಗೆ ಹೋದ್ರಿ, ನಾನು ಸೀಟಿನ ಮೇಲೆ ಸೊಳ್ಳೆ ಹೊಡೀತಾ ಕೂತಿದ್ದೆ. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ’ ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಊರಿಗೆ ಮರಳಿ ಲೆಕ್ಕ ಒಪ್ಪಿಸಿದಾಗ, ಇಷ್ಟು ಹಣ ಮಿಕ್ಕಿಸಿದ ಅಧ್ಯಾಪಕರನ್ನು ನೋಡಿಯೇ ಇಲ್ಲವೆಂದು ಹಿರಿಯರೊಬ್ಬರು ಹೊಗಳಿದರು. ಆ ಹೊಗಳಿಕೆಯಷ್ಟು ನನ್ನನ್ನು ನಾಚಿಸಿದ ಮಾತು ಬೇರೊಂದಿಲ್ಲ.

ನಮ್ಮ ಹಿರಿಯರೂ ಬಡತನದಲ್ಲಿಯೇ ಯಾತ್ರೆ ಮಾಡಿದವರು. ಬುತ್ತಿ ಕಟ್ಟಿಕೊಂಡರು, ಅರವಟ್ಟಿಗೆಯಲ್ಲಿ ನೀರು ಕುಡಿದರು, ಸಾಲುಮರದ ಕೆಳಗೆ ಅಡುಗೆ ಮಾಡಿದರು. ಆದರೆ ಹೊತ್ತು ಮುಳುಗುವ ಮುನ್ನ ಛತ್ರವನ್ನು ಕಂಡು ಬಂಡಿ ಬಿಚ್ಚಿದರು. ತಾವು ಉಣ್ಣುವ ಮೊದಲು ಎತ್ತಿಗೆ ಹುಲ್ಲು ಹಾಕಿದರು. ಎತ್ತಿಗೆ ದಣಿವುಂಟೆಂದು ಅವರು ಬಲ್ಲರು. ಗಾಲಿ ತಿರುಗಿಸುವ ಮನುಷ್ಯನಿಗೂ ದಣಿವುಂಟೆಂಬುದನ್ನು ನಾನು ಮರೆತಿದ್ದೆ. ಕಾಯಿದೆ ಮರೆತಿರಲಿಲ್ಲ. ಆಗ ಜಾರಿಯಲ್ಲಿದ್ದ ೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯಂತೆ ದಿನಕ್ಕೆ ಎಂಟು ಗಂಟೆ ದುಡಿಮೆ ಎಂಬುದು ಸಾಮಾನ್ಯ ನಿಯಮವಾಗಿತ್ತು. ಐದು ಗಂಟೆಯ ದುಡಿಮೆಯ ಮೇಲೆ ಅರ್ಧ ಗಂಟೆಯಾದರೂ ವಿರಾಮ ಸಲ್ಲಬೇಕಿತ್ತು. ದೂರದ ದಾರಿಗೆ ಕೆಲವು ವಿನಾಯಿತಿಗಳಿದ್ದರೂ, ಎರಡು ರಾತ್ರಿಗಳ ನಿದ್ದೆಗೇಡನ್ನು ಯಾವ ಕಾಯಿದೆಯೂ ಒಪ್ಪದು.

ಅಂದಿನಿಂದ ನನ್ನ ಪ್ರವಾಸದ ಲೆಕ್ಕದ ಹಾಳೆಯನ್ನು ಎರಡು ಪಾಲು ಮಾಡಿದ್ದೇನೆ. ಕೈ ಬಿಗಿಹಿಡಿಯಬಹುದಾದ ವೆಚ್ಚಗಳು ಒಂದು ಕಡೆ. ಹಿಡಿಯಲೇಬಾರದವು ಇನ್ನೊಂದು ಕಡೆ. ವಾಚಕರಿಗೆ ಉಪಯೋಗವಾದೀತೆಂದು ಅವೆರಡನ್ನೂ ಇಲ್ಲಿ ಬಿಚ್ಚಿಡುತ್ತೇನೆ.

ಮೊದಲ ಪಾಲಿನಲ್ಲಿ ಮುಖ್ಯವಾದುದು ಕಾಲದ ಆಯ್ಕೆ. ಸಾಲು ರಜೆಗಳಲ್ಲಿ ಎಲ್ಲರೂ ಹೊರಡುವಾಗ ನಾವೂ ಹೊರಟರೆ ಕೋಣೆಯ ಬಾಡಿಗೆ ಏರಿರುತ್ತದೆ, ನೋಟ ಕುಗ್ಗಿರುತ್ತದೆ. ವಾರದ ನಡುವೆ ಹೊರಟರೆ ಎರಡೂ ತಿರುಗುಮುರುಗಾಗುತ್ತವೆ. ಎರಡನೆಯದು ವಾಹನ. ರೈಲಿನಲ್ಲಿ ಅರವತ್ತು ದಿನ ಮುಂಚಿತವಾಗಿ ಆಸನ ಕಾದಿರಿಸಬಹುದು. ಶೈಕ್ಷಣಿಕ ಪ್ರವಾಸದ ವಿದ್ಯಾರ್ಥಿಗಳಿಗೆ ಸಂಸ್ಥೆಯ ಮುಖ್ಯಸ್ಥರ ಪ್ರಮಾಣಪತ್ರದ ಮೇಲೆ ರಿಯಾಯಿತಿಯೂ ಉಂಟು. ಬೆಂಗಳೂರಿನಲ್ಲಿ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಮರುದಿನ ಬೆಳಿಗ್ಗೆ ಬಾದಾಮಿಯಲ್ಲಿ ಇಳಿಯಬಹುದು. ಇಲ್ಲಿಯೂ ಉಳಿಯುವುದು ಒಂದು ರಾತ್ರಿಯ ಬಾಡಿಗೆಯೇ. ಆದರೆ ರೈಲನ್ನು ನಡೆಸುವವರು ದಾರಿಯಲ್ಲಿ ಬದಲಾಗುತ್ತಾರೆ, ನಮ್ಮ ಬಸ್ಸಿನಲ್ಲಿ ಬದಲಾಗುವವರು ಇರಲಿಲ್ಲ. ಒಂದೇ ಉಳಿತಾಯ ಒಂದೆಡೆ ಜಾಣತನ, ಇನ್ನೊಂದೆಡೆ ಅಪಾಯ.

ಮೂರನೆಯದು, ಊರಿಂದೂರಿಗೆ ಗಂಟುಮೂಟೆ ಹೊತ್ತು ಅಲೆಯದೆ ಒಂದೆಡೆ ನೆಲೆ ಹಿಡಿಯುವುದು. ಬಾದಾಮಿಯಿಂದ ಪಟ್ಟದಕಲ್ಲು ೨೨ ಕಿಲೋಮೀಟರು. ಅಲ್ಲಿಂದ ಐಹೊಳೆ ಹದಿಮೂರು, ಹದಿನಾಲ್ಕು. ಬಾದಾಮಿಯಲ್ಲಿ ತಂಗಿ ಎರಡನ್ನೂ ಹಗಲಿನಲ್ಲಿ ನೋಡಿ ಮರಳಬಹುದು. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರು ಗುರುತಿನ ಚೀಟಿ ತೋರಿಸಿ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣ ಮಾಡಬಹುದು. ಐಷಾರಾಮಿ ಬಸ್ಸುಗಳಿಗೆ ಅದು ಅನ್ವಯಿಸದು. ಊಟಕ್ಕೆ ಊರವರು ಉಣ್ಣುವ ಖಾನಾವಳಿಗಳುಂಟು: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಜನ ಹೆಚ್ಚು ಬರುವೆಡೆ ಅಡುಗೆ ಹಳಸುವುದಿಲ್ಲ. ಬಾದಾಮಿಯ ಮೆಟ್ಟಿಲುಗಳ ಮೇಲೆ ಮಾತ್ರ ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿಯಬೇಡಿ. ಅಲ್ಲಿಯ ಕಪಿಗಳು ಅದನ್ನು ತಮ್ಮ ಪಾಲೆಂದೇ ತಿಳಿದಿವೆ.

ಇನ್ನು ಎರಡನೆಯ ಪಾಲು. ಬಿಳಿ ಫಲಕದ ಸ್ವಂತ ಕಾರನ್ನು ಅಗ್ಗವೆಂದು ಬಾಡಿಗೆಗೆ ಗೊತ್ತುಮಾಡಬೇಡಿ. ಅದು ಕಾನೂನಿಗೆ ಹೊರತು, ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು. ಹಳದಿ ಫಲಕದ ವಾಹನವನ್ನೇ ಹಿಡಿಯಿರಿ. ರಾತ್ರಿಯೆಲ್ಲ ರಸ್ತೆಯಲ್ಲಿ ಸಾಗಲೇಬೇಕಾದರೆ ಇಬ್ಬರು ಚಾಲಕರನ್ನು ಕೇಳಿ. ಚಾಲಕನಿಗೆ ಊಟವನ್ನೂ ಮಂಚವನ್ನೂ ನಿಮ್ಮ ವೆಚ್ಚದಲ್ಲಿಯೇ ಸೇರಿಸಿ. ಅನೇಕ ವಸತಿಗೃಹಗಳಲ್ಲಿ ಅವನಿಗೆಂದು ಒಂದು ಮೂಲೆಯೂ ಇರುವುದಿಲ್ಲ; ಕೋಣೆ ಗೊತ್ತುಮಾಡುವಾಗಲೇ ಅದನ್ನು ವಿಚಾರಿಸಬೇಕು.

ಹಣವೆಲ್ಲ ಮೊಬೈಲಿನಲ್ಲಿದೆಯೆಂದು ನಂಬಿ ಹೊರಡುವವರು ಈಗ ಬಹಳ. ವಿದ್ಯುತ್ತು ಮುಗಿದರೆ ಅದು ಬರಿಯ ಗಾಜಿನ ತುಂಡು. ಸ್ವಲ್ಪ ನಗದನ್ನು ಎರಡು ಮೂರು ಕಡೆ ಹಂಚಿಡಿ. ಮನೆಯವರ ದೂರವಾಣಿ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಡಿ. ತುರ್ತಿಗೆ ೧೧೨, ಆಂಬುಲೆನ್ಸಿಗೆ ೧೦೮, ರೈಲಿನಲ್ಲಿ ೧೩೯ ಎಂಬ ಸಂಖ್ಯೆಗಳನ್ನೂ ಅದರ ಕೆಳಗೆ ಸೇರಿಸಿ. ನಿತ್ಯದ ಔಷಧಿಯನ್ನು ಎರಡು ದಿನದಷ್ಟು ಹೆಚ್ಚಾಗಿಯೇ ಕೈಚೀಲದಲ್ಲಿಡಿ. ಅಪರಿಚಿತರು ಕೊಟ್ಟ ತಿಂಡಿಯನ್ನು ನಯವಾಗಿ ನಿರಾಕರಿಸುವುದು ಅಸಭ್ಯತೆಯಲ್ಲ.

ಎಲ್ಲಕ್ಕಿಂತ ಎಚ್ಚರ ಬೇಕಾದುದು ನೀರಿನ ಬಳಿ. ೨೦೨೪ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲ ಪಾಲಾದರು. ಆ ಸುದ್ದಿಯನ್ನು ಓದಿದ ದಿನ ನನಗೆ ಪಾಠ ಹೇಳಲಾಗಲಿಲ್ಲ. ಹಂಪೆಯ ತುಂಗಭದ್ರೆಯೂ ನೋಡಲು ಶಾಂತೆ. ಒಳಗೆ ಬಂಡೆಗಳ ನಡುವೆ ಸುಳಿಗಳುಂಟು, ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಟ್ಟವೂ ಏರುತ್ತದೆ. ಸ್ಥಳೀಯರು ‘ಬೇಡ’ ಎಂದ ಕಡೆ ಕಾಲಿಡಬಾರದು. ಹರಿಗೋಲು ಹತ್ತುವುದಾದರೆ ಜೀವರಕ್ಷಕ ಅಂಗಿಯನ್ನು ಕೇಳಿ ತೊಡಬೇಕು. ಇಲ್ಲವೆಂದರೆ ದಡದಲ್ಲಿಯೇ ನಿಂತು ನದಿಯನ್ನು ನೋಡಬೇಕು. ದಡದಿಂದಲೂ ಅದು ಸುಂದರವಾಗಿಯೇ ಇದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯುಂಟು. ಪ್ರಾಣದ ವಿಷಯದಲ್ಲಿ ಅದು ಇನ್ನೂ ನಿಜ. ನಾನು ಅಂದು ಪಣಕ್ಕಿಟ್ಟದ್ದು ತಲೆಗೆ ೧೫೦ ರೂಪಾಯಿಗೆ ನಲವತ್ತೆರಡು ಮನೆಗಳ ಮಕ್ಕಳನ್ನು.

ಅಂದು ಕೂಗಿ ನಮ್ಮೆಲ್ಲರನ್ನೂ ಉಳಿಸಿದ ಹುಡುಗಿ ಈಗ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕಿ. ಕಳೆದ ತಿಂಗಳು ದೂರವಾಣಿ ಮಾಡಿದ್ದಳು. ತನ್ನ ಮಕ್ಕಳನ್ನು ಬಾದಾಮಿಗೆ ಕರೆದೊಯ್ಯುವ ಏರ್ಪಾಡಿನಲ್ಲಿದ್ದಾಳೆ. ಗುಹೆಗಳ ವಿಷಯ, ಶಾಸನಗಳ ವಿಷಯ ಕೇಳುತ್ತಾಳೆಂದು ನಾನು ಸಿದ್ಧನಾದೆ. ಅವಳು ಮೊದಲು ಕೇಳಿದ್ದು ಬೇರೆಯೇ: ‘ಸಾರ್, ಅಲ್ಲಿ ಡ್ರೈವರಿಗೂ ರೂಮು ಕೊಡುವ ಜಾಗ ಯಾವುದಿದೆ?’