ಹಿಮನಾಡಿನ ಮನೆ

ಮಕ್ಕಳೇ, ಬೇಸಿಗೆಯಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಈ ಕಡೆಯ ನೆಲ ಹೇಗೆ ಕಾಯುತ್ತದೆಂದು ನಿಮಗೆ ಗೊತ್ತು. ಮಧ್ಯಾಹ್ನ ಬರಿಗಾಲಿನಲ್ಲಿ ಅಂಗಳಕ್ಕೆ ಇಳಿಯಲಾಗುವುದಿಲ್ಲ. ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಾವು ನೆರಳನ್ನು ಹುಡುಕುತ್ತೇವೆ. ಆದರೆ ಇದೇ ಭೂಮಿಯ ಮೇಲೆ, ಬಿಸಿಲು ಯಾವಾಗ ಬಂದೀತು ಎಂದು ಜನರು ದಾರಿ ಕಾಯುವ ನಾಡೂ ಇದೆ. ಅದರ ಹೆಸರು ಫಿನ್ಲೆಂಡ್. ಅದು ಯುರೋಪ್ ಖಂಡದ ಉತ್ತರ ತುದಿಯಲ್ಲಿದೆ. ಅಲ್ಲಿ ಸುಮಾರು 56 ಲಕ್ಷ ಜನರು ವಾಸಿಸುತ್ತಾರೆ. ಅಲ್ಲಿಯ ಮನೆಗಳು ಹೇಗಿರುತ್ತವೆ? ಮನೆಯವರೆಲ್ಲ ಸೇರಿ ಹಬ್ಬವನ್ನು ಹೇಗೆ ಆಚರಿಸುತ್ತಾರೆ? ಬನ್ನಿ, ತಿಳಿಯೋಣ.

ನಮ್ಮ ಭೂಮಿ ನೆಟ್ಟಗೆ ನಿಂತು ತಿರುಗುವುದಿಲ್ಲ. ಅದು ಸ್ವಲ್ಪ ವಾಲಿಕೊಂಡು ತಿರುಗುತ್ತದೆ. ಡಿಸೆಂಬರ್ ತಿಂಗಳಿನಲ್ಲಿ ಅದರ ಉತ್ತರ ತುದಿ ಸೂರ್ಯನಿಂದ ಆಚೆಗೆ ವಾಲಿರುತ್ತದೆ. ಆದ್ದರಿಂದ ಉತ್ತರದ ನಾಡುಗಳಿಗೆ ಆಗ ಬಿಸಿಲು ಕಡಿಮೆ. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ ನಗರದಲ್ಲಿ ಡಿಸೆಂಬರ್ ಕೊನೆಯ ವಾರಗಳಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಇನ್ನೂ ಉತ್ತರಕ್ಕೆ ಉತ್ಸಯೋಕಿ ಎಂಬ ಊರಿದೆ. ಅಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ, ಅಂದರೆ ಸುಮಾರು 50 ದಿನ, ಸೂರ್ಯ ಹುಟ್ಟುವುದೇ ಇಲ್ಲ! ಈ ಕಾಲವನ್ನು ಅಲ್ಲಿಯವರು ‘ಕಾಮೋಸ್’ ಎಂದು ಕರೆಯುತ್ತಾರೆ. ಆಗಲೂ ಪೂರ್ತಿ ಕತ್ತಲೆ ಇರುವುದಿಲ್ಲ. ನಡುಹಗಲಿನಲ್ಲಿ ನಮ್ಮ ಮುಂಜಾನೆಯಂತಹ ನೀಲಿ ಬೆಳಕು ಕೆಲ ಹೊತ್ತು ಹರಡುತ್ತದೆ. ನೆಲದ ಮೇಲಿನ ಬಿಳಿಯ ಹಿಮವು ಆ ಬೆಳಕನ್ನು ಪ್ರತಿಫಲಿಸುತ್ತದೆ. ಅದಕ್ಕೇ ಹಿಮ ಬಿದ್ದ ದಿನ ಅಲ್ಲಿಯವರಿಗೆ ಸಂತೋಷ. ಹಿಮ ಬಿದ್ದರೆ ಊರು ತುಸು ಬೆಳ್ಳಗಾಗುತ್ತದೆ.

ಚಳಿಯಂತೂ ಕೇಳಬೇಡಿ. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟಿ ಮಂಜುಗಡ್ಡೆಯಾಗುತ್ತದೆ. ಫಿನ್ಲೆಂಡಿನ ಉತ್ತರ ಭಾಗದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದೂ ಉಂಟು. 1999ರ ಜನವರಿ 28ರಂದು ಪೊಕ್ಕಾ ಎಂಬ ಹಳ್ಳಿಯಲ್ಲಿ ಅದು ಸೊನ್ನೆಗಿಂತ 51.5 ಡಿಗ್ರಿ ಕೆಳಗೆ ಇಳಿದಿತ್ತು. ಆ ದೇಶದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ ಅದೇ.

ಇಂತಹ ಚಳಿಯಲ್ಲಿ ಮನೆಯೊಳಗೆ ಬೆಚ್ಚಗಿರುವುದು ಹೇಗೆ? ಉತ್ತರ ನಿಮ್ಮ ಮನೆಯ ಕೌದಿಯಲ್ಲಿಯೇ ಇದೆ. ಹಳೆಯ ಸೀರೆಗಳನ್ನು ಪದರಪದರವಾಗಿ ಇಟ್ಟು ಅಜ್ಜಿ ಕೌದಿ ಹೊಲಿಯುತ್ತಾರಲ್ಲವೇ? ಆ ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಅಲುಗಾಡದೆ ನಿಂತ ಗಾಳಿಯು ಮೈಯ ಶಾಖವನ್ನು ಬೇಗ ಹೊರಗೆ ಬಿಡುವುದಿಲ್ಲ. ಫಿನ್ಲೆಂಡಿನ ಮನೆಯೂ ಒಂದು ದೊಡ್ಡ ಕೌದಿಯಂತೆಯೇ. ಅದರ ಗೋಡೆಗಳ ಒಳಗೆ ಹತ್ತಿಯಂತಹ ದಪ್ಪನೆಯ ಪದರವನ್ನು ತುಂಬಿರುತ್ತಾರೆ. ಕಿಟಕಿಗಳಿಗೆ ಸಾಮಾನ್ಯವಾಗಿ ಮೂರು ಗಾಜುಗಳು. ಗಾಜುಗಳ ನಡುವೆ ಗಾಳಿ ನಿಂತಿರುತ್ತದೆ. ನೀರಿನ ಕೊಳವೆಗಳನ್ನು ನೆಲದಲ್ಲಿ ಆಳವಾಗಿ ಹೂಳಿರುತ್ತಾರೆ. ಮೇಲೆಯೇ ಇಟ್ಟರೆ ನೀರು ಹೆಪ್ಪುಗಟ್ಟಿ, ಹಿಗ್ಗಿ, ಕೊಳವೆ ಒಡೆಯುತ್ತದೆ.

ಬಾಗಿಲಿನ ಒಳಗೆ ಒಂದು ಚಿಕ್ಕ ಕೋಣೆ ಇರುತ್ತದೆ. ಒಳಗೆ ಬಂದವರು ಬೂಟು, ಟೊಪ್ಪಿಗೆ, ಕೈಗವಸು, ದಪ್ಪನೆಯ ಕೋಟುಗಳನ್ನು ಅಲ್ಲಿಯೇ ಬಿಚ್ಚಿಡುತ್ತಾರೆ. ನಮ್ಮಂತೆಯೇ ಅವರೂ ಮನೆಯೊಳಗೆ ಪಾದರಕ್ಷೆ ಹಾಕಿಕೊಂಡು ತಿರುಗಾಡುವುದಿಲ್ಲ.

ಅಲ್ಲಿಯ ಮಕ್ಕಳು ಚಳಿಗಾಲದಲ್ಲಿ ಕತ್ತಲೆಯಲ್ಲಿಯೇ ಶಾಲೆಗೆ ಹೊರಡುತ್ತಾರೆ. ಕೋಟಿನ ಅಂಚಿಗೆ ಚಿಕ್ಕದೊಂದು ಬಿಲ್ಲೆ ತೂಗಾಡುತ್ತಿರುತ್ತದೆ. ವಾಹನದ ದೀಪ ಬಿದ್ದ ಕೂಡಲೇ ಅದು ಬೆಕ್ಕಿನ ಕಣ್ಣಿನಂತೆ ಹೊಳೆಯುತ್ತದೆ. ಆಗ ಚಾಲಕನಿಗೆ ದೂರದಿಂದಲೇ ಮಗು ಕಾಣುತ್ತದೆ. ಕತ್ತಲೆಯಲ್ಲಿ ರಸ್ತೆಯ ಮೇಲೆ ನಡೆಯುವವರು ಇಂತಹ ಹೊಳೆಯುವ ವಸ್ತುವನ್ನು ಧರಿಸಬೇಕೆಂದು ಅಲ್ಲಿಯ ಕಾನೂನು ಹೇಳುತ್ತದೆ. ಶಾಲೆಯಲ್ಲಿ ಮಧ್ಯಾಹ್ನ ಎಲ್ಲ ಮಕ್ಕಳಿಗೂ ಬಿಸಿ ಊಟ ಕೊಡುತ್ತಾರೆ. ಅದಕ್ಕೆ ಹಣ ಕೊಡಬೇಕಾಗಿಲ್ಲ. ಈ ಪದ್ಧತಿ ದೇಶವೆಲ್ಲ 1948ರಿಂದ ನಡೆದುಬಂದಿದೆ. ಬಿಡುವಿನ ವೇಳೆಯಲ್ಲಿ ಮಕ್ಕಳು ಹೊರಗೆ ಹೋಗಿ ಹಿಮದಲ್ಲಿಯೇ ಆಡುತ್ತಾರೆ.

ಬೆಳೆ ಬೆಳೆಯಲು ಅಲ್ಲಿ ಚಿಕ್ಕ ಬೇಸಿಗೆಯೊಂದೇ ಕಾಲ. ಅಷ್ಟರಲ್ಲಿ ಚಳಿಗಾಲಕ್ಕೆ ಬೇಕಾದುದನ್ನೆಲ್ಲ ಕೂಡಿಡಬೇಕು. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದಂತೆ, ಅಲ್ಲಿಯ ಹಿರಿಯರು ಆಲೂಗಡ್ಡೆ, ಗಜ್ಜರಿ ಮೊದಲಾದ ಗಡ್ಡೆಗಳನ್ನು ನೆಲಮಾಳಿಗೆಯಲ್ಲಿ ಇಡುತ್ತಿದ್ದರು. ಕಾಡಿನ ಚಿಕ್ಕ ಚಿಕ್ಕ ಹುಳಿಸಿಹಿ ಹಣ್ಣುಗಳನ್ನು ಮನೆಯವರೆಲ್ಲ ಸೇರಿ ಆರಿಸಿ ತರುತ್ತಾರೆ. ಕಾಡು ಯಾರದೇ ಆಗಿರಲಿ, ಆ ಹಣ್ಣನ್ನು ಆರಿಸುವ ಹಕ್ಕು ಅಲ್ಲಿ ಎಲ್ಲರಿಗೂ ಇದೆ.

ವರ್ಷದ ಅತಿ ಕತ್ತಲೆಯ ದಿನಗಳಲ್ಲಿಯೇ ಅವರ ದೊಡ್ಡ ಹಬ್ಬ ಬರುತ್ತದೆ. ಅದೇ ಕ್ರಿಸ್‌ಮಸ್. ಅದನ್ನು ಅಲ್ಲಿ ‘ಯೌಲು’ ಎನ್ನುತ್ತಾರೆ. ಡಿಸೆಂಬರ್ 24 ಅವರಿಗೆ ಮುಖ್ಯ ದಿನ. ದೂರದ ಊರುಗಳಲ್ಲಿ ಕೆಲಸ ಮಾಡುವ ಮಕ್ಕಳು ಅಂದು ಅಪ್ಪ ಅಮ್ಮನ ಮನೆಗೆ ಬಂದು ಸೇರುತ್ತಾರೆ. ನಮ್ಮಲ್ಲಿ ದೀಪಾವಳಿಗೆ ಎಲ್ಲರೂ ಊರಿಗೆ ಬರುತ್ತಾರಲ್ಲ, ಹಾಗೆ.

ಅಂದು ಬೆಳಿಗ್ಗೆ ಅಕ್ಕಿಯನ್ನು ಹಾಲಿನಲ್ಲಿ ಬೇಯಿಸಿ ಗಂಜಿ ಮಾಡುತ್ತಾರೆ. ಆ ಚಳಿನಾಡಿನಲ್ಲಿ ಭತ್ತ ಬೆಳೆಯುವುದಿಲ್ಲ. ಹಿಂದೆ ಅಕ್ಕಿ ಅಲ್ಲಿ ಹಬ್ಬಕ್ಕೆ ಮಾತ್ರ ಸಿಗುವ ವಸ್ತುವಾಗಿತ್ತು. ಗಂಜಿಯಲ್ಲಿ ಒಂದೇ ಒಂದು ಬಾದಾಮಿಯನ್ನು ಅಡಗಿಸಿರುತ್ತಾರೆ. ಅದು ಯಾರ ಬಟ್ಟಲಿಗೆ ಬರುತ್ತದೋ ಅವರಿಗೆ ಒಳ್ಳೆಯದಾಗುತ್ತದೆಂದು ನಂಬಿಕೆ. ಮಕ್ಕಳು ಎಷ್ಟು ಎಚ್ಚರಿಕೆಯಿಂದ ಗಂಜಿ ತಿನ್ನುತ್ತಾರೆಂದು ನೀವೇ ಊಹಿಸಿಕೊಳ್ಳಿ! ಅಂಗಳದ ಕಂಬಕ್ಕೆ ಓಟ್ಸ್ ಎಂಬ ಧಾನ್ಯದ ತೆನೆಗಳ ಒಂದು ಸಿವುಡನ್ನು ಕಟ್ಟುವವರೂ ಇದ್ದಾರೆ. ಅದು ಹಕ್ಕಿಗಳ ಹಬ್ಬದೂಟ. ಹಿಮ ಮುಚ್ಚಿದ ನೆಲದಲ್ಲಿ ಪಾಪ, ಹಕ್ಕಿಗಳಿಗೆ ಕಾಳು ಎಲ್ಲಿ ಸಿಗಬೇಕು?

ನಡುಹಗಲು 12 ಗಂಟೆಗೆ ತುರ್ಕು ಎಂಬ ಹಳೆಯ ನಗರದಲ್ಲಿ ಚರ್ಚಿನ ದೊಡ್ಡ ಗಂಟೆ ಹೊಡೆಯುತ್ತದೆ. ಆಗ ಚೌಕದ ಒಂದು ಮಹಡಿಯಿಂದ ‘ಕ್ರಿಸ್‌ಮಸ್ ಶಾಂತಿ’ಯನ್ನು ಸಾರುತ್ತಾರೆ. ಹಬ್ಬದ ದಿನಗಳಲ್ಲಿ ಯಾರೂ ಜಗಳವಾಡಬಾರದು, ಇತರರ ನೆಮ್ಮದಿ ಕೆಡಿಸಬಾರದು ಎಂಬುದು ಅದರ ತಿರುಳು. ಈ ಪದ್ಧತಿ ನೂರಾರು ವರ್ಷ ಹಳೆಯದು. 1939ರಲ್ಲಿ ಫಿನ್ಲೆಂಡಿನ ಮೇಲೆ ಯುದ್ಧ ಬಂದಿತ್ತು. ವಿಮಾನಗಳು ಬಾಂಬು ಹಾಕುವ ಭಯವಿತ್ತು. ಆ ವರ್ಷ ಶಾಂತಿಯನ್ನು ಸಾರಲು ಆಗಲಿಲ್ಲ. ಮನೆಯವರೆಲ್ಲ ಕೂಡಿ ನೆಮ್ಮದಿಯಾಗಿ ಉಣ್ಣುವುದು ಎಷ್ಟು ದೊಡ್ಡ ಭಾಗ್ಯ ಎಂಬುದು ಆಗ ಅವರಿಗೆ ಚೆನ್ನಾಗಿ ಅರಿವಾಗಿರಬೇಕು.

ಈ ಶಾಂತಿಯ ಮಾತನ್ನು ಎರಡು ಭಾಷೆಗಳಲ್ಲಿ ಓದುತ್ತಾರೆ: ಮೊದಲು ಫಿನ್ನಿಶ್, ಬಳಿಕ ಸ್ವೀಡಿಶ್. ಆ ದೇಶದಲ್ಲಿ ಸ್ವೀಡಿಶ್ ಮನೆಮಾತಾಗಿರುವವರು ನೂರಕ್ಕೆ ಐದು ಜನ ಮಾತ್ರ. ಆದರೂ ಅವರಿಗೆ ತಮ್ಮ ಭಾಷೆಯ ಶಾಲೆಗಳಿವೆ. ಉತ್ತರದ ಇನಾರಿ ಎಂಬಲ್ಲಿ ಸಾಮಿ ಜನರ ಒಂದು ಭಾಷೆ ಅಳಿಯುವ ಸ್ಥಿತಿಗೆ ಬಂದಿತ್ತು. ಅದನ್ನು ಆಡುವ ಮಕ್ಕಳು ಬೆರಳೆಣಿಕೆಯಷ್ಟು ಉಳಿದಿದ್ದರು. 1997ರಲ್ಲಿ ಅಲ್ಲಿ ‘ಭಾಷೆಯ ಗೂಡು’ ಎಂಬ ಶಿಶುಮನೆ ತೆರೆದರು. ಅಲ್ಲಿ ಪುಟ್ಟ ಮಕ್ಕಳೊಡನೆ ದಿನವಿಡೀ ಆ ಭಾಷೆಯಲ್ಲಿಯೇ ಮಾತನಾಡಿದರು. ಈಗ ಆ ಭಾಷೆ ಮತ್ತೆ ಮಕ್ಕಳ ಬಾಯಲ್ಲಿ ಕೇಳಿಬರುತ್ತಿದೆ. ಪೇಟೆಯಲ್ಲಿ ಮರಾಠಿ, ಮನೆಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡ ಆಡುವ ನಿಮಗೆ ಈ ಮಾತು ಬೇಗ ಅರ್ಥವಾಗುತ್ತದೆ. ಮಕ್ಕಳು ಆಡಿದರೆ ಭಾಷೆ ಉಳಿಯುತ್ತದೆ.

ಸಂಜೆಗೆ ಹಬ್ಬದ ಸ್ನಾನ. ‘ಸೌನಾ’ ಎಂಬ ಮರದ ಕೋಣೆಯಲ್ಲಿ ಒಲೆಯ ಮೇಲೆ ಕಲ್ಲುಗಳನ್ನು ಕಾಯಿಸಿರುತ್ತಾರೆ. ಕಾದ ಕಲ್ಲಿನ ಮೇಲೆ ನೀರು ಹಾಕಿದರೆ ಬಿಸಿಯ ಹಬೆ ಏಳುತ್ತದೆ. ಮನೆಯವರು ಆ ಹಬೆಯಲ್ಲಿ ಕುಳಿತು ಬೆವರುತ್ತಾರೆ. ನಮ್ಮ ನರಕ ಚತುರ್ದಶಿಯ ಎಣ್ಣೆಸ್ನಾನದಂತೆ ಅದಿಲ್ಲದೆ ಹಬ್ಬವಿಲ್ಲ. ಬಳಿಕ ಒಟ್ಟಿಗೆ ಊಟ. ಊಟದಲ್ಲಿ ಮಾಂಸ, ಮೀನುಗಳ ಜೊತೆಗೆ ಒಲೆಯಲ್ಲಿ ಬೇಯಿಸಿದ ಗಜ್ಜರಿ, ಆಲೂಗಡ್ಡೆಗಳ ಅಡುಗೆ ಇರುತ್ತದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು! ಕೆಂಪು ಅಂಗಿಯ, ಬಿಳಿ ಗಡ್ಡದ ಕ್ರಿಸ್‌ಮಸ್ ತಾತ ಒಳಗೆ ಬಂದು, ಇಲ್ಲಿ ಒಳ್ಳೆಯ ಮಕ್ಕಳು ಇದ್ದಾರೆಯೇ ಎಂದು ಕೇಳುತ್ತಾನೆ. ಗಡ್ಡದ ಹಿಂದೆ ಇರುವವರು ಹಲವು ಸಲ ಪಕ್ಕದ ಮನೆಯವರೋ, ಸ್ವಂತ ಮಾವನೋ ಆಗಿರುತ್ತಾರೆ.

ಮನೆಯ ಮುಂದೆ ಮಂಜುಗಡ್ಡೆಯ ದೀಪ ಬೆಳಗುತ್ತಿರುತ್ತದೆ. ಅದನ್ನು ಮಾಡುವುದು ಸುಲಭ. ಬಕೆಟ್ಟಿನಲ್ಲಿ ನೀರು ತುಂಬಿ ರಾತ್ರಿ ಹೊರಗೆ ಇಡುತ್ತಾರೆ. ತಣ್ಣನೆಯ ಗಾಳಿ ಮೊದಲು ಸುತ್ತಲಿನ ನೀರನ್ನು ಹೆಪ್ಪುಗಟ್ಟಿಸುತ್ತದೆ. ನಡುವಿನ ನೀರು ಹಾಗೆಯೇ ಉಳಿಯುತ್ತದೆ. ಗಡ್ಡೆಯನ್ನು ಬೋರಲು ಹಾಕಿ ತೆಗೆದು, ತೂತು ಮಾಡಿ, ಒಳಗಿನ ನೀರನ್ನು ಚೆಲ್ಲಿದರೆ ಮಂಜಿನ ಗಡಿಗೆ ಸಿದ್ಧ. ಅದರೊಳಗೆ ಮೇಣದ ಬತ್ತಿ ಹಚ್ಚಿಟ್ಟರೆ ಗಡಿಗೆಯೆಲ್ಲ ಬೆಳಗುತ್ತದೆ.

ಆ ದಿನ ಮನೆಯವರು ಇನ್ನೊಂದು ಕೆಲಸವನ್ನು ಮರೆಯುವುದಿಲ್ಲ. ಕತ್ತಲಾಗುವ ಹೊತ್ತಿಗೆ ಅಜ್ಜ, ಅಜ್ಜಿ, ಮೊಮ್ಮಕ್ಕಳೆಲ್ಲ ಸ್ಮಶಾನಕ್ಕೆ ಹೋಗುತ್ತಾರೆ. ತೀರಿಹೋದ ತಮ್ಮವರ ಸಮಾಧಿಗಳ ಮೇಲಿನ ಹಿಮವನ್ನು ಸರಿಸಿ ದೀಪ ಹಚ್ಚುತ್ತಾರೆ. ಯುದ್ಧದಲ್ಲಿ ಮಡಿದ ಸೈನಿಕರ ಸಮಾಧಿಗಳಲ್ಲಿಯೂ ಸಾಲುಸಾಲು ದೀಪಗಳು. ಬಿಳಿಯ ಹಿಮದ ನಡುವೆ ಸಾವಿರಾರು ದೀಪಗಳು ಮಿನುಗುತ್ತವೆ. ಯಾರೂ ಗದ್ದಲ ಮಾಡುವುದಿಲ್ಲ. ಆದ್ದರಿಂದ ಅಲ್ಲಿಯ ಮಕ್ಕಳಿಗೆ ಸ್ಮಶಾನವೆಂದರೆ ಹೆದರಿಕೆಯಲ್ಲ, ತಮ್ಮ ಹಿರಿಯರ ನೆನಪು.

ಎಲ್ಲರಿಗೂ ತುಂಬಿದ ಮನೆ ಇರುವುದಿಲ್ಲ. ಅಲ್ಲಿ ಒಬ್ಬರೇ ವಾಸಿಸುವವರು, ಅದರಲ್ಲಿಯೂ ವಯಸ್ಸಾದವರು, ಬಹಳ ಜನರಿದ್ದಾರೆ. ಊರೆಲ್ಲ ಬಾಗಿಲು ಹಾಕಿಕೊಂಡು ಹಬ್ಬ ಮಾಡುವಾಗ ಅವರಿಗೆ ಆ ದೀರ್ಘ ರಾತ್ರಿ ಇನ್ನೂ ದೀರ್ಘವಾಗುತ್ತದೆ. ಅದನ್ನು ತಿಳಿದ ಚರ್ಚುಗಳು, ಸೇವಾ ಸಂಘಗಳು ಅಂತಹವರನ್ನು ಕರೆದು ಒಟ್ಟಿಗೆ ಕೂಡಿಸಿ ಊಟ ಬಡಿಸುತ್ತವೆ. ನೆರೆಮನೆಯವರು ಹೋಗಿ ಮಾತನಾಡಿಸುತ್ತಾರೆ. ಚಳಿಯನ್ನು ಮೂರು ಗಾಜಿನ ಕಿಟಕಿ ತಡೆಯಬಹುದು. ಒಂಟಿತನವನ್ನು ಮನುಷ್ಯರೇ ತಡೆಯಬೇಕು.

ಮಕ್ಕಳೇ, ನಮ್ಮಲ್ಲಿ ಹಿಮ ಬೀಳುವುದಿಲ್ಲ. ಆದರೆ ಒಂಟಿಯಾಗಿ ಇರುವವರು ನಮ್ಮ ಓಣಿಯಲ್ಲಿಯೂ ಇರಬಹುದು. ಬರುವ ದೀಪಾವಳಿಗೆ ಅವರು ಯಾರೆಂದು ಮನೆಯಲ್ಲಿ ಕೇಳಿ ತಿಳಿದುಕೊಳ್ಳಿ. ಒಂದು ತಟ್ಟೆ ಕರಜಿಕಾಯಿ, ಚಕ್ಕುಲಿ ತೆಗೆದುಕೊಂಡು ಹೋಗಿ. ಅವರ ಬಾಗಿಲಲ್ಲಿಯೂ ಒಂದು ಹಣತೆ ಹಚ್ಚಿ, ಸ್ವಲ್ಪ ಹೊತ್ತು ಅವರ ಬಳಿ ಕುಳಿತು ಮಾತನಾಡಿ ಬನ್ನಿ.