ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ

ವಿಮಾನಯಾನವೆಂದರೆ ದೂರದ ಊರು, ಗಂಟೆಗಟ್ಟಲೆ ಪ್ರಯಾಣ ಎಂದೇ ನಮ್ಮ ಎಣಿಕೆ. ಆದರೆ ಕುಳಿತು ವೀಳ್ಯದೆಲೆಗೆ ಸುಣ್ಣ ಹಚ್ಚಿ, ಮಡಿಸಿ ಬಾಯಿಗಿಡುವಷ್ಟರಲ್ಲಿ ಮುಗಿದುಹೋಗುವ ವಿಮಾನಯಾನವೂ ಲೋಕದಲ್ಲಿ ಉಂಟೆಂದರೆ ವಾಚಕರಿಗೆ ಸೋಜಿಗವಾಗದಿರದು.

ಸ್ಕಾಟ್ಲೆಂಡಿನ ಉತ್ತರಕ್ಕೆ, ಸಮುದ್ರದ ನಡುವೆ, ಆರ್ಕ್ನಿ ಎಂಬ ದ್ವೀಪಸಮೂಹವಿದೆ. ಅದರ ಉತ್ತರ ಭಾಗದಲ್ಲಿ ವೆಸ್ಟ್ರೇ, ಪಾಪಾ ವೆಸ್ಟ್ರೇ ಎಂಬ ಎರಡು ನಡುಗಡ್ಡೆಗಳು. ಒಂದರ ವಿಮಾನ ನಿಲ್ದಾಣದಿಂದ ಇನ್ನೊಂದರ ನಿಲ್ದಾಣಕ್ಕೆ ಸುಮಾರು 2.7 ಕಿಲೋಮೀಟರು ದೂರ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇಯೇ 4 ಕಿಲೋಮೀಟರು ಉದ್ದವಿದೆ! ವೇಳಾಪಟ್ಟಿಯಲ್ಲಿ ಈ ಯಾನಕ್ಕೆ ಕೊಟ್ಟಿರುವ ಸಮಯ 2 ನಿಮಿಷ. ಆಕಾಶದಲ್ಲಿರುವುದು ಒಂದೂವರೆ ನಿಮಿಷದಷ್ಟು. ಗಾಳಿ ಅನುಕೂಲವಾಗಿದ್ದಾಗ 53 ಸೆಕೆಂಡಿನಲ್ಲಿ ದಾಟಿದ ದಾಖಲೆಯೂ ಇದೆ.

ಕೊಂಚ ಲೆಕ್ಕ ಹಾಕಿ ನೋಡೋಣ. ಒಂದೂವರೆ ನಿಮಿಷಕ್ಕೆ 2.7 ಕಿಲೋಮೀಟರಾದರೆ ಗಂಟೆಗೆ 108 ಕಿಲೋಮೀಟರಾಯಿತು. ಅಲ್ಲಿ ಹಾರುವ ಐಲ್ಯಾಂಡರ್ ಎಂಬ ಪುಟ್ಟ ವಿಮಾನಕ್ಕೆ ಅದರ ಎರಡರಷ್ಟು ವೇಗ ಸಾಧ್ಯ. ಆದರೂ ಏರಿದೊಡನೆ ಇಳಿಯಬೇಕಾದುದರಿಂದ ಆ ವೇಗಕ್ಕೆ ಎಡೆಯೇ ಸಿಕ್ಕದು. ಆದುದರಿಂದಲೇ ದೂರವನ್ನು ವೇಗದಿಂದ ಭಾಗಿಸಿದ ಮಾತ್ರಕ್ಕೆ ಪ್ರಯಾಣದ ಕಾಲ ತಿಳಿಯುವುದಿಲ್ಲ. ದಾರಿ ಸಣ್ಣದಾದಷ್ಟೂ ಏರಿಳಿತದ ಪಾಲೇ ದೊಡ್ಡದು.

ಇಷ್ಟು ದೂರಕ್ಕೆ ವಿಮಾನವೇ ಬೇಕೆ? ದೋಣಿಯಲ್ಲಿ ಹೋದರಾಗದೆ? ದೋಣಿಯೂ ಉಂಟು. ಆದರೆ ಈ ವಿಮಾನದ ನಿಜವಾದ ಕೆಲಸ ಬೇರೆ. ಆರ್ಕ್ನಿಯ ಮುಖ್ಯ ಪಟ್ಟಣ ಕಿರ್ಕ್‌ವಾಲ್. ಅಲ್ಲಿಂದ ಹೊರಟ ವಿಮಾನ ಒಂದು ದ್ವೀಪಕ್ಕಿಳಿದು, ಪಕ್ಕದ ದ್ವೀಪಕ್ಕೆ ಹಾರಿ, ಮತ್ತೆ ಪಟ್ಟಣಕ್ಕೆ ಮರಳುತ್ತದೆ. ನಡುವಿನ ಆ ಪುಟ್ಟ ನೆಗೆತವೇ ಲೋಕಪ್ರಸಿದ್ಧವಾಗಿದೆ. 1967ರಲ್ಲಿ ಲೋಗನ್‌ಏರ್ ಸಂಸ್ಥೆ ಇದನ್ನು ಆರಂಭಿಸಿತು.

ಪಾಪಾ ವೆಸ್ಟ್ರೇಯಲ್ಲಿ ಐದು ಸಾವಿರ ವರ್ಷಗಳಿಗೂ ಹಿಂದಿನ ಕಲ್ಲುಮನೆಗಳು ಇಂದಿಗೂ ನಿಂತಿವೆ. ಅಷ್ಟು ಹಳೆಯ ನೆಲೆಯಲ್ಲಿ 2011ರ ಜನಗಣತಿಯ ಹೊತ್ತಿಗೆ ಉಳಿದಿದ್ದವರು 90 ಮಂದಿ. ದೊಡ್ಡ ಆಸ್ಪತ್ರೆ ಇರುವುದು ಕಿರ್ಕ್‌ವಾಲಿನಲ್ಲಿ. ಪ್ರಾಥಮಿಕ ಶಾಲೆ ಮುಗಿಸಿದ ಮಕ್ಕಳು ಓದಿಗಾಗಿ ಕಡಲು ದಾಟಬೇಕು. ಹೋದವರು ಸುಲಭವಾಗಿ ಮರಳುವಂತಿರಬೇಕು; ಇಲ್ಲವಾದರೆ ಒಂದೊಂದೇ ಮನೆಗೆ ಬೀಗ ಬೀಳುತ್ತದೆ. ಎಂಟು ಜನ ಪ್ರಯಾಣಿಕರನ್ನು ಹೊರುವ ಆ ವಿಮಾನ ಊರಿನ ಒಲೆಗಳನ್ನು ಆರದಂತೆ ಕಾಯುತ್ತಿದೆ.

ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಿರಿಯರು ಹತ್ತಿರದ ದಾರಿಯನ್ನು ಕೂಗಳತೆ ಎಂದರು. ಕರೆದರೆ ಓಗೊಡುವಷ್ಟು ಸಮೀಪ ಎಂದು ಅದರ ಅರ್ಥ. ಊರಿನಲ್ಲಿ ತಾಯಿಗೆ ಜ್ವರವೆಂದು ಸುದ್ದಿ ಬಂದ ದಿನ ಊರು ಎಷ್ಟು ಮೈಲಿ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಹೊತ್ತಿಗೆ ಮುಟ್ಟುತ್ತೇವೆ ಎಂದೇ ಕೇಳುತ್ತಾರೆ.