ನಾರುಹುಣ್ಣು ಹೋಯಿತು, ಅದರ ಪಾಠ ಉಳಿದಿದೆ

ಕೃಷ್ಣೆ-ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನ ಮೂಡಣ ಅಂಚಿನಲ್ಲಿ, ಗದ್ವಾಲಕ್ಕೆ ಸಮೀಪವಾಗಿ, ಮಲ್ದಕಲ್ ಗ್ರಾಮವಿದೆ. ಆದಿಶಿಲಾ ಕ್ಷೇತ್ರವೆಂದು ಹೆಸರಾದ ಇಲ್ಲಿಯ ತಿಮ್ಮಪ್ಪನ ದರ್ಶನಕ್ಕೆ ರಾಯಚೂರು ಸೀಮೆಯಿಂದಲೂ ಭಕ್ತರು ಬರುತ್ತಾರೆ. ೧೯೫೬ರಲ್ಲಿ ರಾಜ್ಯದ ಗಡಿ ಬದಲಾಯಿತು. ೨೦೧೬ರಲ್ಲಿ ಜಿಲ್ಲೆಯ ಗಡಿಯೂ ಬದಲಾಯಿತು. ಆದರೆ ಯಾವ ಗಡಿಯನ್ನೂ ಲೆಕ್ಕಿಸದೆ ರಾಯಚೂರು, ಗುಲ್ಬರ್ಗಾ, ಮಹಬೂಬನಗರ, ಕರ್ನೂಲು ಸೀಮೆಗಳನ್ನು ಒಂದೇ ಸಮನೆ ಕಾಡಿದ ರೋಗವೊಂದಿತ್ತು. ನಾವು ಕನ್ನಡದಲ್ಲಿ ಅದನ್ನು ನಾರುಹುಣ್ಣು ಎಂದೆವು. ನೆರೆಯ ತೆಲುಗರು ನಾರಿಕುರುಪು ಎಂದರು. ಆ ರೋಗ ಇಂದು ಭಾರತದಲ್ಲಿಲ್ಲ. ಅದು ಹೇಗೆ ಹರಡುತ್ತಿತ್ತು, ಹೇಗೆ ಹೋಯಿತು ಎಂಬುದನ್ನು ಅರಿತರೆ, ಇಂದಿಗೂ ನಮ್ಮ ಹಟ್ಟಿ ಹಿತ್ತಿಲುಗಳಲ್ಲಿ ಉಳಿದುಕೊಂಡಿರುವ ಬೇರೆ ಹುಳುಗಳ ದಾರಿಯೂ ತಿಳಿಯುತ್ತದೆ.

ಬಾವಿಯ ನೀರಿನಲ್ಲಿದ್ದ ದೂತ

ನಾರುಹುಣ್ಣಿನ ಹೆಣ್ಣು ಹುಳು ನೂಲಿನಂತೆ ತೆಳ್ಳಗಿದ್ದು, ಒಂದು ಮೀಟರಿನವರೆಗೂ ಉದ್ದ ಬೆಳೆಯುತ್ತದೆ. ರೋಗಿಯ ಪಾದ ಅಥವಾ ಕಣಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಅಲ್ಲಿಂದ ಅದು ಮೆಲ್ಲಮೆಲ್ಲನೆ ಹೊರಬರುತ್ತದೆ. ಉರಿ ತಾಳಲಾರದೆ ರೋಗಿಯು ಕಾಲನ್ನು ನೀರಿನಲ್ಲಿಡುತ್ತಾನೆ. ಹುಳು ಕಾಯುತ್ತಿದ್ದುದೂ ಅದನ್ನೇ. ನೀರು ಸೋಕಿದೊಡನೆ ಅದು ಸಾವಿರಾರು ಮರಿಗಳನ್ನು ಹೊರಚೆಲ್ಲುತ್ತದೆ.

ಆದರೆ ಆ ಮರಿಗಳು ನೇರವಾಗಿ ಮನುಷ್ಯನ ದೇಹವನ್ನು ಸೇರಿ ಬದುಕಲಾರವು. ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಅತಿ ಸಣ್ಣ ಜಲಚರ ಅವನ್ನು ನುಂಗಬೇಕು; ಅದರೊಳಗೆ ಎರಡು ವಾರಗಳಷ್ಟು ಕಾಲ ಅವು ಬೆಳೆಯಬೇಕು; ಆ ಸೈಕ್ಲಾಪ್ಸನ್ನು ನೀರಿನೊಡನೆ ಮನುಷ್ಯ ಕುಡಿಯಬೇಕು. ಈ ರಹಸ್ಯವನ್ನು ೧೮೭೦ರಲ್ಲಿ ತುರ್ಕಿಸ್ತಾನದಲ್ಲಿ ಕಂಡುಹಿಡಿದವನು ಅಲೆಕ್ಸೀ ಫೆಡ್ಚೆಂಕೊ ಎಂಬ ರಷ್ಯನ್ ವಿಜ್ಞಾನಿ. ಹುಳುವಿನ ರೋಗವೊಂದಕ್ಕೆ ಕ್ಷುದ್ರಪ್ರಾಣಿಯೊಂದು ಮಧ್ಯವರ್ತಿಯಾಗಬಲ್ಲುದೆಂದು ತೋರಿದ ಮೊದಮೊದಲ ಶೋಧಗಳಲ್ಲಿ ಇದೂ ಒಂದು.

ನಮ್ಮ ಸೀಮೆಯ ಮೆಟ್ಟಿಲುಬಾವಿಗಳು ಈ ಚಕ್ರಕ್ಕೆ ಹೇಳಿ ಮಾಡಿಸಿದಂತಿದ್ದವು. ನೀರು ಸೇದುವವರು ಮೆಟ್ಟಿಲಿಳಿದು ನೀರಿನಲ್ಲಿಯೇ ನಿಂತು ಕೊಡ ತುಂಬಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ನೀರು ತಳ ಸೇರಿದಾಗ ಸೈಕ್ಲಾಪ್ಸ್‌ಗಳ ದಟ್ಟಣೆಯೂ ಹೆಚ್ಚುತ್ತಿತ್ತು. ಹುಳು ಹೊರಬರಲು ಸುಮಾರು ಒಂದು ವರ್ಷ ಬೇಕಾದ್ದರಿಂದ, ಈ ಬೇಸಿಗೆಯಲ್ಲಿ ಕುಡಿದ ನೀರಿನ ಫಲ ಮುಂದಿನ ಬೇಸಿಗೆಗೆ, ಹೊಲ ಹಸನು ಮಾಡುವ ಹೊತ್ತಿಗೆ, ಕಾಲಿನಲ್ಲಿ ಕಾಣಿಸಿಕೊಳ್ಳುತ್ತಿತ್ತು. ದುಡಿಯುವ ಕೈಗಳು ಹಾಸಿಗೆ ಹಿಡಿದರೆ ಒಣಬೇಸಾಯದ ಕುಟುಂಬಕ್ಕೆ ಇಡೀ ವರ್ಷದ ಅನ್ನವೇ ಹೋಗುತ್ತಿತ್ತು.

ಬಟ್ಟೆಯ ತುಂಡಿನ ವಿಜಯ

ಈ ರೋಗಕ್ಕೆ ಲಸಿಕೆಯಿಲ್ಲ. ಹುಳುವನ್ನು ಕೊಲ್ಲುವ ಔಷಧವೂ ಇಲ್ಲ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟರಂತೆ ಎಳೆದು ತೆಗೆಯುವ ಪ್ರಾಚೀನ ಪದ್ಧತಿಯೇ ಇಂದಿಗೂ ಚಿಕಿತ್ಸೆ. ಆದರೂ ಭಾರತ ಇದನ್ನು ಗೆದ್ದಿತು. ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಪ್ರಾರಂಭವಾದ ಹೊತ್ತಿಗೆ, ೧೯೮೪ರಲ್ಲಿ, ಏಳು ರಾಜ್ಯಗಳಲ್ಲಿ ಸುಮಾರು ೪೦ ಸಾವಿರ ರೋಗಿಗಳಿದ್ದರು. ಕಾರ್ಯಕರ್ತರು ಹಳ್ಳಿಹಳ್ಳಿ ತಿರುಗಿ ರೋಗಿಗಳನ್ನು ಹುಡುಕಿದರು, ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳಾಗಿ ಮಾರ್ಪಡಿಸಲಾಯಿತು, ಕೊಳವೆಬಾವಿಗಳನ್ನು ಕೊರೆಯಲಾಯಿತು, ಸೈಕ್ಲಾಪ್ಸ್ ಕೊಲ್ಲುವ ಟೆಮಿಫಾಸ್ ಔಷಧವನ್ನು ನೀರಿಗೆ ಬೆರೆಸಲಾಯಿತು. ಎಲ್ಲಕ್ಕಿಂತ ಸುಲಭವಾದ ಉಪಾಯವೆಂದರೆ ಒತ್ತಾದ ನೇಯ್ಗೆಯ ಬಟ್ಟೆಯಲ್ಲಿ ನೀರನ್ನು ಸೋಸಿ ಕುಡಿಯುವುದು. ೧೯೯೬ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕೊನೆಯ ರೋಗಿ ಕಂಡುಬಂದರು. ೨೦೦೦ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣುಮುಕ್ತ ದೇಶವೆಂದು ಘೋಷಿಸಿತು.

ನಾಯಿ ತಡೆದ ಯಾತ್ರೆ

ಜಗತ್ತಿನಿಂದಲೇ ಈ ರೋಗ ಇಷ್ಟು ಹೊತ್ತಿಗೆ ಅಳಿಯಬೇಕಾಗಿತ್ತು. ೧೯೮೬ರಲ್ಲಿ ಸುಮಾರು ೩೫ ಲಕ್ಷವೆಂದು ಅಂದಾಜಾಗಿದ್ದ ರೋಗಿಗಳ ಸಂಖ್ಯೆ ೨೦೨೪ರಲ್ಲಿ ೧೫ಕ್ಕೆ ಇಳಿದಿತ್ತು. ಆದರೆ ನಿರೀಕ್ಷಿಸದ ತಡೆಯೊಂದು ಎದುರಾಯಿತು. ಆಫ್ರಿಕದ ಚಾಡ್ ದೇಶದಲ್ಲಿ ಹತ್ತು ವರ್ಷ ಕಾಣದಿದ್ದ ರೋಗ ೨೦೧೦ರಲ್ಲಿ ಮತ್ತೆ ತಲೆಯೆತ್ತಿತು. ೨೦೧೨ರಲ್ಲಿ ಅಲ್ಲಿಯ ನಾಯಿಗಳಲ್ಲಿಯೂ ಅದೇ ಹುಳು ಕಾಣಿಸಿತು. ೨೦೧೯ರಲ್ಲಿ ಆ ಒಂದೇ ದೇಶದಲ್ಲಿ ಸೋಂಕು ತಗಲಿದ ನಾಯಿಗಳ ಸಂಖ್ಯೆ ೧,೯೦೦ನ್ನು ಮೀರಿತು.

ಮೀನುಗಾರರು ಬಿಸುಟ ಮೀನಿನ ಕರುಳನ್ನೂ ಕಪ್ಪೆಗಳನ್ನೂ ತಿಂದು ನಾಯಿಗಳಿಗೆ ಹುಳು ತಗಲುತ್ತದೆ ಎಂಬುದು ಸಂಶೋಧಕರ ಅಭಿಪ್ರಾಯ. ಮೈಯಿಂದ ಹುಳು ಜೋಲುತ್ತಿರುವ ನಾಯಿ ಕೆರೆಗಿಳಿದರೆ ಆ ನೀರೂ ಕೆಟ್ಟಂತೆಯೇ. ಆದ್ದರಿಂದ ಈಗ ಅಲ್ಲಿ ಮೀನಿನ ಕರುಳನ್ನು ಹೂಳುತ್ತಾರೆ. ಸೋಂಕಿನ ನಾಯಿಯನ್ನು ಕಟ್ಟಿಹಾಕಿದವರಿಗೆ ಬಹುಮಾನ ಕೊಡುತ್ತಾರೆ. ಮನುಷ್ಯರಲ್ಲಿಯೂ ಪ್ರಾಣಿಗಳಲ್ಲಿಯೂ ಹುಳು ಕಾಣದಾದಾಗಲೇ ರೋಗ ಅಳಿಯಿತೆಂದು ಹೇಳಲು ಸಾಧ್ಯ. ಮನುಷ್ಯನಿಗೆ ಮಾತ್ರ ಚಿಕಿತ್ಸೆ ಮಾಡಿ ಪ್ರಾಣಿಯನ್ನು ಮರೆತರೆ ಹುಳು ಅಲ್ಲಿ ಅಡಗಿ ಕುಳಿತು ಹಿಂದಿರುಗುತ್ತದೆ.

ಕುರಿ, ನಾಯಿ, ಮಗು

ಈ ಪಾಠ ನಮಗೆ ಏಕೆ ಬೇಕು? ಮಲ್ದಕಲ್ಲಿನ ಸುತ್ತಣ ಸೀಮೆ ಕುರಿಗಳ ಸೀಮೆ. ಕುರಿಯಿದ್ದಲ್ಲಿ ಕಾವಲಿನ ನಾಯಿ ಇದ್ದೇ ಇರುತ್ತದೆ. ಇವೆರಡರ ಸ್ನೇಹವನ್ನೇ ಆಶ್ರಯಿಸಿ ಬಾಳುವ ಲಾಡಿಹುಳುವೊಂದಿದೆ. ಅದರ ಹೆಸರು ಎಕಿನೊಕಾಕಸ್. ನಾಯಿಯ ಕರುಳಿನಲ್ಲಿರುವ ಈ ಹುಳು ಕೆಲವೇ ಮಿಲಿಮೀಟರ್ ಉದ್ದದ್ದು. ನಾಯಿಗೆ ಅದರಿಂದ ತೊಂದರೆಯೇ ತೋರದು. ನಾಯಿಯ ಮಲದೊಡನೆ ಬಿದ್ದ ಅದರ ತತ್ತಿಗಳು ಹುಲ್ಲಿಗೆ ಅಂಟಿ ಕುರಿಯ ಹೊಟ್ಟೆ ಸೇರುತ್ತವೆ. ಕುರಿಯ ಯಕೃತ್ತಿನಲ್ಲಿ, ಪುಪ್ಪುಸದಲ್ಲಿ ನೀರು ತುಂಬಿದ ಗುಳ್ಳೆಗಳಾಗಿ ಬೆಳೆಯುತ್ತವೆ. ಕುರಿ ಕೊಯ್ದವರು ಗುಳ್ಳೆಯಿರುವ ಭಾಗವನ್ನು ಬೇಡವೆಂದು ನಾಯಿಗೆ ಎಸೆದರೆ ಚಕ್ರ ಪೂರ್ಣವಾಯಿತು.

ಈ ಚಕ್ರದ ನಡುವೆ ಮನುಷ್ಯ ಅಕಸ್ಮಾತ್ತಾಗಿ ಸಿಕ್ಕಿಬೀಳುತ್ತಾನೆ. ನಾಯಿಯ ಮೈಸವರಿ ಕೈತೊಳೆಯದೆ ಉಣ್ಣುವ ಮಗು, ಹಿತ್ತಿಲಿನ ಸೊಪ್ಪನ್ನು ತೊಳೆಯದೆ ತಿನ್ನುವವರು ತತ್ತಿಗಳನ್ನು ನುಂಗಬಹುದು. ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು, ಕೊನೆಗೆ ಶಸ್ತ್ರಚಿಕಿತ್ಸೆಯವರೆಗೂ ಒಯ್ಯಬಹುದು. ಒಡೆದರೆ ಪ್ರಾಣಾಪಾಯವೂ ಉಂಟು.

ಐಸ್‌ಲ್ಯಾಂಡಿನಲ್ಲಿ ಒಂದು ಕಾಲಕ್ಕೆ ಈ ರೋಗ ಮನೆಮನೆಯ ಮಾತಾಗಿತ್ತು. ೧೮೬೩ರಲ್ಲಿ ಅಲ್ಲಿಗೆ ಹೋದ ಹಾರಾಲ್ಡ್ ಕ್ರಾಬೆ ಎಂಬ ಡೆನ್ಮಾರ್ಕಿನ ವಿಜ್ಞಾನಿ ಒಂದು ಕಿರುಪುಸ್ತಕ ಬರೆದನು. ಅದನ್ನು ಮನೆಮನೆಗೆ ಉಚಿತವಾಗಿ ಹಂಚಲಾಯಿತು. ಚಳಿಗಾಲದ ಸಂಜೆಗಳಲ್ಲಿ ಓದುವ ಅಭ್ಯಾಸವಿದ್ದ ಆ ಜನ ಅದನ್ನು ಓದಿ ನಡೆದುಕೊಂಡರು. ಮುಂದಿನ ಶತಮಾನದಲ್ಲಿ ರೋಗ ಅಲ್ಲಿಂದ ಅಳಿದೇಹೋಯಿತು. ಕುರಿಗಳ ನಾಡಾದ ನ್ಯೂಜಿಲೆಂಡಿನಲ್ಲಿಯೂ ನಾಯಿಗಳಿಗೆ ಔಷಧ ಕುಡಿಸಿ, ಹಸಿ ಕರುಳುಬಾಡನ್ನು ಅವಕ್ಕೆ ಹಾಕುವುದನ್ನು ನಿಷೇಧಿಸಿ ಈ ಹುಳುವನ್ನು ಗೆದ್ದರು. ಅಲ್ಲಿ ಮೊದಲು ಬಳಸಿದ ಔಷಧ ನಮ್ಮ ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವವೆಂಬುದು ಕುತೂಹಲದ ಸಂಗತಿ. ಈಗ ಅದಕ್ಕಿಂತ ಸುರಕ್ಷಿತವಾದ ಪ್ರಾಝಿಕ್ವಾಂಟೆಲ್ ಇದೆ.

ಹಂದಿಯ ಮೇಲಣ ಅಪವಾದ

ಹಂದಿಯ ಲಾಡಿಹುಳುವಿನ ಕಥೆ ಇದಕ್ಕೆ ತಿರುವುಮುರುವು. ಬೆಳೆದ ಹುಳು ಇರುವುದು ಮನುಷ್ಯನ ಕರುಳಿನಲ್ಲಿ. ಮರಿಗಳು ಹಂದಿಯ ಮಾಂಸದಲ್ಲಿ. ಮನುಷ್ಯನ ಮಲವನ್ನು ತಿಂದು ಹಂದಿ ಸೋಂಕು ಪಡೆಯುತ್ತದೆ. ಸರಿಯಾಗಿ ಬೇಯದ ಮಾಂಸ ತಿಂದು ಮನುಷ್ಯ ಹುಳು ಪಡೆಯುತ್ತಾನೆ. ಆದರೆ ಮನುಷ್ಯನಿಂದ ಹೊರಬಿದ್ದ ತತ್ತಿಗಳು ಕೈಯಿಂದಲೋ ಸೊಪ್ಪಿನಿಂದಲೋ ಇನ್ನೊಬ್ಬನ ಹೊಟ್ಟೆ ಸೇರಿದರೆ ಮರಿಗಳು ಮೆದುಳಿಗೂ ಹೋಗಿ ನೆಲೆಸಬಲ್ಲವು, ಮೂರ್ಛೆರೋಗಕ್ಕೆ ಕಾರಣವಾಗಬಲ್ಲವು. ಹಂದಿಯ ಮಾಂಸವನ್ನು ಮುಟ್ಟದ ಶುದ್ಧ ಸಸ್ಯಾಹಾರಿಗೂ ಈ ಕಾಯಿಲೆ ತಪ್ಪಿದ್ದಲ್ಲ. ಬಯಲು ಶೌಚ ನಿಂತರೆ ಹಂದಿಗೂ ಕ್ಷೇಮ, ನಮಗೂ ಕ್ಷೇಮ.

ನಾವು ಮಾಡಬೇಕಾದುದು

ಪ್ರಾಣಿಗಳನ್ನು ದೂರ ಅಟ್ಟಬೇಕೆಂದು ಇದರ ಅರ್ಥವಲ್ಲ. ನಾಯಿಯಿಲ್ಲದೆ ಕುರಿಗಾರನ ಬಾಳು ಸಾಗದು. ಹಬ್ಬವಾಗಲಿ ಮದುವೆಯಾಗಲಿ, ಕುರಿ ಕೊಯ್ದ ದಿನ ಗುಳ್ಳೆಗಟ್ಟಿದ ಯಕೃತ್ತು ಪುಪ್ಪುಸಗಳನ್ನು ನಾಯಿ ಕೆದರಲಾರದಷ್ಟು ಆಳವಾಗಿ ಹೂಳಬೇಕು ಅಥವಾ ಸುಡಬೇಕು. ಒಮ್ಮೆ ಔಷಧ ಕೊಟ್ಟ ನಾಯಿ ಮತ್ತೆ ಹಸಿ ಕರುಳುಬಾಡು ತಿಂದರೆ ಆರೇಳು ವಾರಗಳಲ್ಲಿ ಪುನಃ ತತ್ತಿ ಹರಡಬಲ್ಲದು. ಆದ್ದರಿಂದ ಪಶುವೈದ್ಯರನ್ನು ಕೇಳಿ ಕಾಲಕಾಲಕ್ಕೆ ಔಷಧ ಕೊಡಿಸಬೇಕು. ಉಣ್ಣುವ ಮುನ್ನ ಮಕ್ಕಳ ಕೈಯನ್ನು ಸೋಪಿನಿಂದ ತೊಳೆಸಬೇಕು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳನ್ನು ಚೆನ್ನಾಗಿ ತೊಳೆಯಬೇಕು. ಫೆಬ್ರವರಿ ೧೦ ಮತ್ತು ಆಗಸ್ಟ್ ೧೦ರ ಜಂತುಹುಳು ನಿವಾರಣಾ ದಿನಗಳಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಗುಳಿಗೆಯನ್ನು ಮಕ್ಕಳಿಗೆ ತಪ್ಪದೆ ಕೊಡಿಸಬೇಕು. ಆದರೆ ಅದು ಮಣ್ಣಿನಿಂದ ಬರುವ ಕರುಳಿನ ಹುಳುಗಳಿಗಾಗಿ ಇರುವ ಗುಳಿಗೆ. ಮೇಲೆ ಹೇಳಿದ ಗುಳ್ಳೆಗಳಿಗೆ ಆ ಒಂದು ಗುಳಿಗೆ ಸಾಲದೆಂಬುದನ್ನೂ ನೆನಪಿಡಬೇಕು.

ನಮ್ಮ ಅಜ್ಜಿಯರು ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸಿದರು. ಅಷ್ಟರಿಂದಲೇ ತಲೆತಲಾಂತರದ ಪೀಡೆಯೊಂದರ ಬೆನ್ನು ಮುರಿಯಿತು. ಕುರಿ ಕೊಯ್ದ ಸ್ಥಳದಲ್ಲಿ ಒಂದು ಗುಂಡಿ ತೋಡುವುದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ.